ಹೆಸರಿಲ್ಲದ ಒಂದು ಹಿಡಿ ಮಣ್ಣು

ಯಶೋದ ಗಾಜಿನ ಜಾಡಿಯನ್ನು ತಂದು ಮೇಜಿನ ಮೇಲೆ ಇಟ್ಟಳು. ಗುರುಪ್ರಕಾಶನ ಹೊಸ ಬಾಟಲಿಗಳ ಸಾಲಿನ ನಡುವೆ, ಸರಿಯಾಗಿ ಅವನ ಕಣ್ಣೆದುರಿಗೆ.

ಮೈಕು ಹಿಡಿದು ಮಾತಾಡುತ್ತಿದ್ದವನ ಬಾಯಿ ಅಲ್ಲಿಗೇ ನಿಂತಿತು.

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕಗಳ ಹಿಂದೆ ಗುರುಪ್ರಕಾಶನ ಗೋದಾಮು. ಅದರ ಅಂಗಳದಲ್ಲಿ ಬೆಳಗ್ಗೆ ಹನ್ನೊಂದಕ್ಕೇ ನಲವತ್ತು ಮಂದಿ ರೈತರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳುವನ್ನು ಬೆಲ್ಲದ ಜೊತೆ ಕೊಳೆಹಾಕಿ, ಸೋಸಿ, ಬೆಳೆಗೆ ಚೈತನ್ಯ ಕೊಡುವ ಟಾನಿಕ್ಕು ಎಂದು ಬಾಟಲಿಯಲ್ಲಿ ಮಾರುವುದು ಅವನ ಕಸುಬು. ಟಾನಿಕ್ಕಿನ ಗುಣ ಏನಾದರೂ ಇರಲಿ, ನಾತದ ವಿಷಯದಲ್ಲಿ ಅವನು ಯಾರಿಗೂ ಕಡಿಮೆ ಮಾಡಿದವನಲ್ಲ. ಆ ಅಂಗಳಕ್ಕೆ ಕಾಲಿಟ್ಟ ಮೇಲೆ ಮೂಗು ಬೇರೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ತನ್ನಪ್ಪ ಶಿವನಂಜಯ್ಯನನ್ನು ಕೊಂದ ಕೈ ಯಾವುದೆಂದು ಎಂಟು ತಿಂಗಳು ಹುಡುಕಿದ ಯಶೋದ ಕೊನೆಗೆ ಬಂದು ನಿಂತದ್ದು ಈ ನಾತದ ನಡುವೆ.

"ಈ ಜಾಡಿ ಗುರುತು ಸಿಕ್ತಾ ಗುರುಪ್ರಕಾಶಣ್ಣ?" ಎಂದಳು.

ಸಿಗದೇ ಇರುತ್ತದೆಯೇ? ಆರು ವರ್ಷ ಅವನು ಹೊನ್ನೂರಿನಲ್ಲಿ ಶಿವನಂಜಯ್ಯನ ಕೈಕೆಳಗೆ ಸೆಗಣಿ ಗಂಜಲ ಕಲಕಿದವನು. ಹುಳುವನ್ನು ಬೆಲ್ಲದಲ್ಲಿ ಕೊಳೆಸುವ ವಿದ್ಯೆಯನ್ನೂ ಅಲ್ಲಿಯೇ ಕಲಿತು, ಒಂದು ದಿನ ಹೇಳದೆ ಕೇಳದೆ ಕೊಳ್ಳೇಗಾಲಕ್ಕೆ ಬಂದು ಬೋರ್ಡು ಹಾಕಿಕೊಂಡವನು. ಅವನು ಜಾಡಿಯನ್ನು ನೋಡಿದ ರೀತಿಯಲ್ಲೇ ಯಶೋದಳಿಗೆ ಅರ್ಧ ತೃಪ್ತಿಯಾಯಿತು. ಉಳಿದರ್ಧವನ್ನು ವಸೂಲು ಮಾಡಲು ಆಟೋದಿಂದ ಒಂದು ಕ್ಯಾನು ಇಳಿಸಿಕೊಂಡು ಬಂದಿದ್ದಳು.

ಮುಂದಿನ ಸಾಲಿನಲ್ಲಿ ಪುಟ್ಟಬಸಮ್ಮ ಕೂತಿದ್ದಳು. ಹೊನ್ನೂರಿನವಳೇ. ಅಪ್ಪನ ಗೊಬ್ಬರದ ಡ್ರಮ್ಮುಗಳಿಗೆ ಮೊದಲ ಕಲ್ಲು ಎಸೆದವಳು ಅವಳು. ಅವಳು ಬಂದಿರುತ್ತಾಳೆ ಎಂದು ಗೊತ್ತಿದ್ದೇ ಯಶೋದ ಈ ದಿನವನ್ನು ಆರಿಸಿಕೊಂಡಿದ್ದಳು. ಅಪ್ಪನ ಮಾನ ಹೋದದ್ದು ನಾಲ್ಕು ಜನರ ಮುಂದೆ, ಅದು ವಾಪಸು ಬರಬೇಕಾದದ್ದೂ ಅದೇ ಜನರ ಮುಂದೆ.

"ಯಾಕವ್ವ ಬಂದೆ ಇಲ್ಲಿಗೆ? ನಿಮ್ಮಪ್ಪನ ಔಸ್ದಿ ಸಾಕಾಗಿ ನಾವು ಬಾಟ್ಲಿ ಕೊಳ್ಳಕ್ ಬಂದಿದ್ವಿ," ಎಂದಳು ಪುಟ್ಟಬಸಮ್ಮ.

"ಅದ್ಕೇ ಬಂದೆ ಅತ್ತೆ. ಐದು ನಿಮಿಷ ಕೇಳಿ. ಆಮೇಲೆ ಬಾಟ್ಲಿ ತಕಳಿ, ನಾನೇನೂ ಬ್ಯಾಡ ಅನ್ನಲ್ಲ."

ಯಶೋದ ಜಾಡಿಯನ್ನು ಜನರ ಕಡೆ ತಿರುಗಿಸಿದಳು. ಗಾಜಿನೊಳಗೆ ಪದರ ಪದರವಾಗಿ ಮಣ್ಣು ಕಾಣುತ್ತಿತ್ತು. ಕೆಮ್ಮಣ್ಣು, ಎರೆಮಣ್ಣು, ಸತ್ತೇಗಾಲದ ಹೊಳೆದಂಡೆಯ ಬೂದು ಮೆಕ್ಕಲು, ಮತ್ತೆ ಕೆಮ್ಮಣ್ಣು. ಪ್ರತಿ ಪದರಕ್ಕೂ ಜಾಡಿಯ ಹೊರಗೆ ಒಂದು ಚೀಟಿ, ಚೀಟಿಯಲ್ಲಿ ಅಪ್ಪನ ದುಂಡು ಅಕ್ಷರದ ಒಂದು ಹೆಸರು.

ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಅದನ್ನು ವಿವರಿಸಬೇಕಾಗಿರಲಿಲ್ಲ. ಶಿವನಂಜಯ್ಯನ ಹಿತ್ತಲಿನ ಹೊಂಗೆಮರದ ಕೆಳಗೆ ಒಂದು ನೀಲಿ ಡ್ರಮ್ಮು ಇತ್ತು. ಎಲ್ಲರೂ ಅದನ್ನು ತಾಯಿ ಡ್ರಮ್ಮು ಎನ್ನುತ್ತಿದ್ದರು. ಸೆಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಹಾಕಿ, ಒದ್ದೆ ಗೋಣಿ ಹೊದಿಸಿ, ಬೆಳಗ್ಗೆ ಸಂಜೆ ಕಲಕಿ ಅವನು ಅದರಲ್ಲಿ ಕಣ್ಣಿಗೆ ಕಾಣದ ಜೀವಗಳನ್ನು ಸಾಕುತ್ತಿದ್ದ. ಮೊಸರಿಗೆ ಹೆಪ್ಪು ಒಯ್ಯುವಂತೆ ಜನ ಅಲ್ಲಿಂದ ಒಂದು ಚೊಂಬು ಒಯ್ದು, ಮನೆಯಲ್ಲಿ ಬೆಳೆಸಿ, ಗಿಡದ ಬುಡಕ್ಕೆ ಹಾಕುತ್ತಿದ್ದರು. ಸತ್ತು ಮಲಗಿದ್ದ ಮಣ್ಣಿನಲ್ಲಿ ಎರೆಹುಳು ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೆ ಅವನು ಕೇಳುತ್ತಿದ್ದದ್ದು ಒಂದೇ: ಹೆಪ್ಪು ಒಯ್ದವರು ಅದನ್ನು ಹಾಕುವ ಹೊಲದ ಒಂದು ಹಿಡಿ ಮಣ್ಣನ್ನು ತಂದು ಈ ಜಾಡಿಗೆ ಹಾಕಬೇಕು. ಮಣ್ಣು ಕೊಡದೆ ಒಯ್ದರೆ ಹೆಪ್ಪು ಹಿಡಿಯುವುದಿಲ್ಲ ಎಂದು ಹೊನ್ನೂರಿನಿಂದ ಯಳಂದೂರಿನವರೆಗೆ ಎಲ್ಲರೂ ನಂಬಿದ್ದರು. ನಂಬದವರೂ ಯಾಕೆ ಬೇಕು ಎಂದು ಹಾಕಿಯೇ ಹೋಗುತ್ತಿದ್ದರು.

ಆಮೇಲೆ ಒಂದು ಸೋಮವಾರ ಶಿವನಂಜಯ್ಯ ಹನೂರಿಗೆ ಹೋದ. ಅರಿಶಿನದ ಗಡ್ಡೆ ಕೊಳೆಯದಂತೆ ಕಾಯುವ ಹಸಿರು ಬೂಷ್ಟನ್ನು ಗೊಬ್ಬರದಲ್ಲಿ ಬೆಳೆಸುವುದು ಹೇಗೆಂದು ಅಲ್ಲಿನವರಿಗೆ ತೋರಿಸಬೇಕಿತ್ತು. ಮಳೆಯಲ್ಲಿ ನೆನೆದು, ನೆಗಡಿ ಹಿಡಿಸಿಕೊಂಡು ರಾತ್ರಿ ಬಂದ. ಮಂಗಳವಾರ ಒಂಬತ್ತು ಮನೆಯವರು ಬಂದು ಹೆಪ್ಪು ಒಯ್ದರು. ವಾರದೊಳಗೆ ಆ ಒಂಬತ್ತು ಮನೆಯವರ ಅವರೆ, ಟೊಮೆಟೊ, ಹಿಪ್ಪುನೇರಳೆ ಎಲ್ಲ ಎಲೆ ಮುರುಟಿ, ಕಾಂಡ ತಿರುಚಿಕೊಂಡು ನೆಲಕ್ಕೆ ಬಿದ್ದವು.

ಜನ ಹಿತ್ತಲಿಗೆ ನುಗ್ಗಿದರು. ಕಲ್ಲು ಬಿತ್ತು. ಆಗ ಶಿವನಂಜಯ್ಯ ಜಗಳ ಆಡಲಿಲ್ಲ, ಕೈಮುಗಿಯಲಿಲ್ಲ. ತಾಯಿ ಡ್ರಮ್ಮಿನಲ್ಲಿ ಒಂದು ಲೋಟ ಅದ್ದಿ, ತನ್ನ ಹೆಪ್ಪಿನಲ್ಲಿ ವಿಷ ಇದ್ದರೆ ಮೊದಲು ತನಗೇ ತಟ್ಟಲಿ ಎಂದು ಗಟಗಟ ಕುಡಿದ.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಮೂತ್ರಪಿಂಡ ಕೆಲಸ ನಿಲ್ಲಿಸಿತು ಎಂದು ಕಾಗದ ಕೊಟ್ಟರು. ಸಾಯುವ ಹಿಂದಿನ ಸಂಜೆ ಮಗಳ ಕೈ ಹಿಡಿದು ಅವನು ಹೇಳಿದ್ದು ಒಂದೇ ಮಾತು: "ಹೆಪ್ಪು ಕೆಟ್ಟಿರ್ನಿಲ್ಲ ಕಣವ್ವ. ಕೆಡಿಸವ್ರೆ."

ಆ ಮಾತನ್ನು ಯಶೋದ ಎಂಟು ತಿಂಗಳಿಂದ ಎದೆಯಲ್ಲಿ ಹೊತ್ತು ತಿರುಗುತ್ತಿದ್ದಳು. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವೆಲ್ಲ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು ಕೂರುವವಳು. ಊರಿನವರು ಕಾಣದ್ದನ್ನು ಕಾಣುವ ಅಭ್ಯಾಸ ಅವಳಿಗಿತ್ತು.

"ಅತ್ತೆ, ಒಂದ್ ಮಾತು ಕೇಳ್ತೀನಿ," ಎಂದು ಅವಳು ಪುಟ್ಟಬಸಮ್ಮನ ಕಡೆ ತಿರುಗಿದಳು. "ಅವತ್ತು ನಿಮ್ಮ ಟೊಮೆಟೊಗೆ ಹಾಕಿದ್ ಹೆಪ್ಪನ್ನೇ ಬದೀಲಿದ್ದ ಕಬ್ಬಿಗೂ ಹಾಕಿದ್ರಲ್ಲ. ಕಬ್ಬಿಗೆ ಏನಾಯ್ತು?"

ಪುಟ್ಟಬಸಮ್ಮ ಯೋಚಿಸಿದಳು. "ಕಬ್ಬಿಗೇನೂ ಆಗ್ನಿಲ್ಲ."

"ಕೊಳೆತ ಹೆಪ್ಪು ಟೊಮೆಟೊ ಕೊಂದು ಕಬ್ಬು ಬುಟ್ಬುಡುತ್ತಾ? ಕಬ್ಬು ಬುಟ್ಟು ಮಿಕ್ಕಿದ್ದನ್ನ ಸಾಯ್ಸೋದು ಯಾವ್ದು?"

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು, ಕಬ್ಬಿನ ಗದ್ದೆಗೆ ಹೊಡೆಯುವ ಕಳೆನಾಶಕ ಎಂದು. ಅಂಗಳದಲ್ಲಿ ಗುಸುಗುಸು ಎದ್ದಿತು. ಎಂಟು ತಿಂಗಳು ಯಾರಿಗೂ ಹೊಳೆಯದ ವಿಷಯ ತಮಗೆ ಮೊದಲೇ ಗೊತ್ತಿದ್ದಂತೆ ಈಗ ಎಲ್ಲರೂ ತಲೆಯಾಡಿಸತೊಡಗಿದರು. ಜನ ಎಂದರೆ ಹೀಗೆಯೇ. ಯಶೋದಳಿಗೆ ಅವರ ಮೇಲೂ ಸಿಟ್ಟಿತ್ತು, ಆದರೆ ಅವರ ಸರದಿ ಆಮೇಲೆ.

ಅವಳು ಜಾಡಿಯ ಮೇಲುಭಾಗದಲ್ಲಿ ಬೆರಳಿಟ್ಟಳು. ಭಾನುವಾರದ ಕೊನೆಯ ಹೆಸರಿಗೂ ಮಂಗಳವಾರದ ಮೊದಲ ಹೆಸರಿಗೂ ನಡುವೆ ಒಂದು ತೆಳು ಪದರ. ಅದರ ಪಕ್ಕದ ಚೀಟಿ ಖಾಲಿ. ತಾನಿಲ್ಲದಾಗ ಯಾರೋ ಬಂದು ಹೋಗಿದ್ದಾರೆ, ಆಮೇಲೆ ಕೇಳಿ ಬರೆಯೋಣ ಎಂದು ಅಪ್ಪ ಚೀಟಿ ಮಾತ್ರ ಅಂಟಿಸಿ ಬಿಟ್ಟಿದ್ದ. ಆ ಖಾಲಿ ಚೀಟಿಯನ್ನು ಮೊದಲ ಸಲ ನೋಡಿದ ದಿನ ಯಶೋದ ಅತ್ತಿದ್ದಳು. ಕೊಂದವನ ಹೆಸರಿಗೂ ಅಪ್ಪ ಮರ್ಯಾದೆಯಿಂದ ಜಾಗ ಬಿಟ್ಟಿದ್ದನಲ್ಲ ಎಂದು.

"ಸೋಮವಾರ ಬಂದೋನು ಮೊದ್ಲು ತನ್ ಕ್ಯಾನ್ ತುಂಬ್ಕೊಂಡ," ಎಂದಳು. "ಆಮೇಲೆ ಡ್ರಮ್ಮಿಗೆ ಕಳೆನಾಶಕ ಸುರ್ದ. ಊರೋರ್ ಹೊಲ ಸಾಯ್ಬೇಕು, ತನ್ ಹೊಲ ಮಾತ್ರ ಬದುಕ್ಬೇಕು. ಅಷ್ಟು ಮಾಡ್ದೋನ್ಗೆ ಒಂದೇ ಭಯ. ಮಣ್ಣು ಕೊಡ್ದೆ ಒಯ್ದ್ರೆ ಹೆಪ್ಪು ಹಿಡಿಯಲ್ಲ ಅಂತ. ಅದ್ಕೇ ಹಾಕ್ಬುಟ್ಟೋದ."

ಆ ಪದರದಿಂದ ಒಂದು ಚಿಟಿಕೆ ತೆಗೆದು ಅವಳು ಲ್ಯಾಬಿನಲ್ಲಿ ನೋಡಿದ್ದಳು. ರೇಷ್ಮೆ ಹುಳುವಿನ ಕಂದು ಚಿಪ್ಪಿನ ಚೂರುಗಳು, ನಡುನಡುವೆ ಬಿಚ್ಚದೆ ಉಳಿದ ನೂಲಿನ ಎಳೆ. ಹುಳುವನ್ನೇ ಗೊಬ್ಬರ ಮಾಡಿ ಹಾಕಿದ ಹೊಲ ಅದು. ಅಂಥ ಹೊಲ ಸತ್ತೇಗಾಲದ ರಸ್ತೆಯಲ್ಲಿ ಇದೆ ಎಂದು ಹೊನ್ನೂರಿನ ದೊಡ್ಡಮಾದಪ್ಪ ಹೇಳಿದ. ಅವನೇ ಆಟೋದಲ್ಲಿ ಕರೆದೊಯ್ದು, ಅಕ್ಕಪಕ್ಕ ಒಬ್ಬರೂ ಇಲ್ಲದ ಮಧ್ಯಾಹ್ನದ ಬಿಸಿಲಲ್ಲಿ, ಇದು ಗುರುಪ್ರಕಾಶನ ಹೊಲ ಎಂದು ಬೆರಳು ಮಾಡಿ ತೋರಿಸಿದ. ಅಲ್ಲಿಯ ಮಣ್ಣೂ ಈ ಮಣ್ಣೂ ಒಂದೇ ಆಗಿತ್ತು.

ದೊಡ್ಡಮಾದಪ್ಪ ಇರದಿದ್ದರೆ ಯಶೋದ ಇಷ್ಟು ದೂರ ಬರುತ್ತಿರಲಿಲ್ಲ. ಅಪ್ಪನ ಹಳೆಯ ಗೆಳೆಯ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು. ಹನೂರಿಗೆ, ಯಳಂದೂರಿಗೆ, ಎಲ್ಲಿಗೆಂದರಲ್ಲಿಗೆ ಗೂಡ್ಸ್ ಆಟೋ ತಂದು ನಿಲ್ಲಿಸಿದವನು. ಒಂದೇ ಒಂದು ವಿಷಯಕ್ಕೆ ಇಬ್ಬರಿಗೂ ಜಗಳ. ಸತ್ತವರ ಜಾಡಿ ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡು ಎಂದು ಅವನು ನಾಲ್ಕಾರು ಸಲ ಹೇಳಿದ್ದ. ಮುದುಕರ ಶಾಸ್ತ್ರ ಎಂದು ಅವಳು ನಕ್ಕು ಸುಮ್ಮನಾಗಿದ್ದಳು. ಇವತ್ತೂ ಅವನೇ ಕರೆತಂದಿದ್ದ. ಗೇಟಿನ ಹೊರಗೆ ಆಟೋದಲ್ಲಿ ಕೂತಿದ್ದ.

"ಈ ಮಣ್ಣು ಯಾರ್ದು ಗುರುಪ್ರಕಾಶಣ್ಣ?"

ಗುರುಪ್ರಕಾಶ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ತುಂಬಾ ಹೊತ್ತು ನೋಡಿದ. ಮೆಲ್ಲಗೆ ಕೆಳಗಿಟ್ಟ.

"ನನ್ ಹೊಲದ್ದೇ," ಎಂದ.

ಇದೇ ಮಾತಿಗಾಗಿ ಎಂಟು ತಿಂಗಳು ಯಶೋದ ಸರಿಯಾಗಿ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಇವನು ಸಾಯಲಿ ಎಂಬ ಆಸೆ ಅವಳಿಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ಹೊರಳಿದಂತೆ ಇವನೂ ಹೊರಳುವುದನ್ನು ಎಷ್ಟೋ ಸಂಜೆ ಮನಸ್ಸಿನಲ್ಲೇ ನೋಡಿ ಸಮಾಧಾನ ಮಾಡಿಕೊಂಡಿದ್ದಳು. ಆದರೆ ಕೊಲ್ಲುವುದು ಅವಳ ಕೈಯಲ್ಲಿ ಆಗುವ ಕೆಲಸವಲ್ಲ. ಹೆದರಿಸುವುದು ಆಗುತ್ತದೆ.

ಅವಳು ಕ್ಯಾನಿನ ಮುಚ್ಚಳ ತಿರುಗಿಸಿ ಸ್ಟೀಲ್ ಲೋಟಕ್ಕೆ ಬಗ್ಗಿಸಿದಳು. ಇದು ಅಪ್ಪನ ತಾಯಿ ಡ್ರಮ್ಮಿನ ತಳದಲ್ಲಿ ಉಳಿದದ್ದು, ಎತ್ತಿಟ್ಟಿದ್ದೆ ಎಂದು ಜನಕ್ಕೆ ಹೇಳಿದಳು. ಅದು ಸುಳ್ಳು. ಲೋಟದಲ್ಲಿದ್ದದ್ದು ಅವಳೇ ಕೈಯಾರೆ ಕಲಸಿದ ಹೊಸ ಹೆಪ್ಪು. ಸೆಗಣಿ, ಗಂಜಲ, ಬೆಲ್ಲ, ಅಷ್ಟೇ. ಕುಡಿದರೆ ಬಾಯಿ ಕೆಡುತ್ತದೆಯೇ ಹೊರತು ಜೀವಕ್ಕೆ ಏನೂ ಆಗುವುದಿಲ್ಲ. ತಾನು ಮೊದಲು ಒಂದು ಗುಟುಕು ಕುಡಿಯುವುದು, ಆಮೇಲೆ ಅವನ ಮುಂದೆ ಹಿಡಿಯುವುದು, ಇದು ಅವಳ ಉಪಾಯ. ಡ್ರಮ್ಮಿಗೆ ಏನು ಬಿದ್ದಿತ್ತೆಂದು ಬಲ್ಲವನು ಲೋಟ ಮುಟ್ಟುವುದಿಲ್ಲ. ಆ ಹಿಂಜರಿಕೆಯನ್ನು ನಲವತ್ತು ಜನ ನೋಡಿದರೆ ಸಾಕು. ಈ ಉಪಾಯ ಗೊತ್ತಿದ್ದದ್ದು ಅವಳಿಗೆ ಮತ್ತು ದೊಡ್ಡಮಾದಪ್ಪನಿಗೆ ಮಾತ್ರ. ಬರುವ ದಾರಿಯಲ್ಲಿ ಅವಳು ಆಸ್ಪತ್ರೆಗೆ ಹೋಗಿ ರಜೆ ಬರೆದುಕೊಟ್ಟು ಬರುವವರೆಗೆ ಕ್ಯಾನನ್ನು ಕಾದುಕೊಂಡು ಕೂತಿದ್ದವನೂ ಅವನೇ.

"ನಮ್ಮಪ್ಪ ಕುಡ್ದಿದ್ದು ಇದ್ನೇ," ಎಂದಳು. "ಅವ್ರ ಮಗಳು ನಾನು, ನಾನೂ ಕುಡೀತೀನಿ. ಆಮೇಲೆ ನೀವು."

ಲೋಟ ತುಟಿಯ ಹತ್ತಿರ ಹೋಯಿತು.

ಗುರುಪ್ರಕಾಶ ಮೇಜನ್ನು ಸುತ್ತಿಕೊಂಡು ಬಂದು ಅದನ್ನು ಕಿತ್ತುಕೊಂಡ.

"ಬ್ಯಾಡ. ನೀನು ಕುಡೀಬ್ಯಾಡ." ಅವನು ಲೋಟವನ್ನು ಅವಳ ಕೈಗೆ ಎಟುಕದಂತೆ ಹಿಡಿದ. "ಅಯ್ಯನೋರ್ ಹತ್ರ ವಿದ್ಯೆ ಕದ್ಕೊಂಡು ಬಂದೋನು ನಾನು. ಅದು ಸತ್ಯ. ಅವ್ರು ತೀರ್ಕೊಂಡಾಗ ಮೊಕ ತೋರ್ಸಕ್ ಆಗ್ದೆ ಇಲ್ಲೇ ಬಾಗ್ಲಾಕ್ಕೊಂಡ್ ಕೂತಿದ್ದೆ. ಆದ್ರೆ ಅವ್ರ ಡ್ರಮ್ಮಿಗೆ ಇಸ ಆಕೋ ಕೈಯಲ್ಲ ಕಣವ್ವ ಇದು."

ಯಾರೂ ತಡೆಯುವ ಮೊದಲೇ ತಲೆ ಹಿಂದಕ್ಕೆ ಹಾಕಿ ಪೂರ್ತಿ ಲೋಟ ಇಳಿಸಿಬಿಟ್ಟ.

ಯಶೋದಳ ಉಪಾಯ ತಲೆಕೆಳಗಾಗಿತ್ತು. ಹೆದರಬೇಕಾದವನು ಹೆದರಿರಲಿಲ್ಲ. ಎಂಟು ತಿಂಗಳು ಕಟ್ಟಿಕೊಂಡಿದ್ದ ಸೇಡು ಒಮ್ಮೆಲೇ ಕೈಯಿಂದ ಜಾರಿದ ಹಾಗಾಗಿ, ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

"ಮಣ್ಣು ನಿಮ್ ಹೊಲದ್ದು ಅಂದ್ರಲ್ಲ," ಎಂದು ಹಲ್ಲು ಕಚ್ಚಿ ಕೇಳಿದಳು. "ಮತ್ತೆ ಹಾಕಿದ್ ಕೈ ಯಾರ್ದು?"

ಗುರುಪ್ರಕಾಶ ನಾಲಗೆಯನ್ನು ಅಂಗುಳಿಗೆ ಒತ್ತಿ ಏನನ್ನೋ ಗುರುತಿಸುವವನಂತೆ ಹುಬ್ಬು ಗಂಟಿಕ್ಕಿದ. ಬರಿದಾದ ಲೋಟವನ್ನು ಮೂಗಿಗೆ ಹಿಡಿದ.

"ಇದು ಹೆಪ್ಪಲ್ಲ," ಎಂದ. "ಫಿನಾಯ್ಲು ನಾತ ಅದೆ ಇದ್ರಲ್ಲಿ. ಗಂಟ್ಲು ಸುಡ್ತಾ ಅದೆ. ಏನವ್ವ ಬೆರೆಸ್ದೆ ನೀನು?"

ಯಶೋದ ಲೋಟ ಕಸಿದುಕೊಂಡು ಮೂಸಿದಳು. ಹುಳುವಿನ ನಾತದ ಅಡಿಯಲ್ಲಿ, ಸೆಗಣಿ ಗಂಜಲದ ಅಡಿಯಲ್ಲಿ, ಅದು ಇತ್ತು. ಅಪ್ಪ ಸತ್ತ ಮೇಲೆ ಅವನ ಡ್ರಮ್ಮಿನಲ್ಲಿ ಅವಳು ಮೂಸಿದ್ದ, ನೆಗಡಿಯಲ್ಲಿ ಅಪ್ಪನಿಗೆ ತಿಳಿಯದೆ ಹೋಗಿದ್ದ ಅದೇ ವಾಸನೆ. ಬೆಳಗ್ಗೆ ಅವಳು ಕಲಸಿದಾಗ ಅದು ಇರಲಿಲ್ಲ.

ಗುರುಪ್ರಕಾಶ ಮೇಜಿಗೆ ಆತುಕೊಂಡ. ಬಾಟಲಿಗಳು ಒಂದರ ಮೇಲೊಂದು ಉರುಳಿದವು. ಹೊಟ್ಟೆ ಹಿಡಿದು ನೆಲಕ್ಕೆ ಕುಸಿದು ವಾಂತಿ ಮಾಡಿಕೊಂಡ. ಯಶೋದ ಪಕ್ಕಕ್ಕೆ ಕೂತು ಅವನ ತಲೆಯನ್ನು ತನ್ನ ತೊಡೆಯ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದಳು. ವಾಂತಿ ಉಸಿರಿಗೆ ಅಡ್ಡವಾದರೆ ಅಲ್ಲಿಗೆ ಮುಗಿಯಿತು ಎನ್ನುವುದನ್ನು ಆಸ್ಪತ್ರೆಯ ನೌಕರಿ ಅವಳಿಗೆ ಕಲಿಸಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ಜನರ ಕಡೆ ಕೂಗಿದಳು. ಒಬ್ಬರೂ ಅಲುಗಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಅಪ್ಪ ಬೆಳೆ ಸಾಯ್ಸ್ದ," ಎಂದಳು ಪುಟ್ಟಬಸಮ್ಮ, ತಣ್ಣಗೆ. "ಮಗಳು ಮನ್ಷನ್ನೇ ಸಾಯ್ಸ್ಬುಟ್ಳು."

ಗುರುಪ್ರಕಾಶನ ಬೆರಳು ಯಶೋದಳ ಸೆರಗನ್ನು ಹಿಡಿದು ಎಳೆಯಿತು. ಅವಳು ಬಗ್ಗಿದಳು.

"ಹೊಲ ನಂದು," ಎಂದ. ಒಂದೊಂದು ಪದಕ್ಕೂ ಉಸಿರು ಹುಡುಕಬೇಕಾಗಿತ್ತು. "ಉಳೋನು ನಾನಲ್ಲ. ಎರಡ್ ವರ್ಸದಿಂದ ವಾರಕ್ಕೆ, ಅರ್ಧ ಪಾಲ್ಗೆ ಕೊಟ್ಟಿವ್ನಿ. ಬಾಯ್ಮಾತಲ್ಲಿ. ನಿಮ್ಮೂರೋನೇ... ಆಟೋದೋನು."

ದೊಡ್ಡಮಾದಪ್ಪ. ಹೊಲ ಯಾರದು ಎಂದು ತೋರಿಸಿದವನು, ಅಲ್ಲಿ ಬೆಳೆ ಇಟ್ಟಿರುವವನು ತಾನು ಎಂದು ಹೇಳಿರಲಿಲ್ಲ. ಜಾಡಿಯನ್ನು ಹೊಳೆಗೆ ಬಿಡು ಎಂದದ್ದು ಶಾಸ್ತ್ರಕ್ಕಾಗಿ ಅಲ್ಲ. ಚಟ್ಟಕ್ಕೆ ಕೊಟ್ಟ ಆ ಹೆಗಲು. ಇಷ್ಟು ದಿನ ಅವಳು ಕೊಲೆಗಾರನ ಆಟೋದಲ್ಲೇ ಕೂತು ಕೊಲೆಗಾರನನ್ನು ಹುಡುಕಿದ್ದಳು. ಬೆಳಗ್ಗೆ ಕ್ಯಾನು ಎತ್ತಿ ಇಡುವಾಗ ಅವನು ಹೇಳಿದ್ದ ಮಾತು ಈಗ ನೆನಪಿಗೆ ಬಂದು ಮೈಯೆಲ್ಲ ಉರಿಯಿತು: "ಮೊದ್ಲ ಗುಟ್ಕು ನೀನೇ ಕುಡೀಬೇಕು ಕಣವ್ವ. ಆಗ್ಲೇ ಜನ ನಂಬೋದು."

ಗೇಟಿನ ಕಡೆ ನೋಡಿದಳು. ದೊಡ್ಡಮಾದಪ್ಪ ಓಡಿಹೋಗಿರಲಿಲ್ಲ. ಆಟೋದಿಂದ ಇಳಿದು, ಫೋನನ್ನು ಕಿವಿಗೆ ಹಚ್ಚಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ನಿಧಾನವಾಗಿ ಬರುತ್ತಿದ್ದ.

"ಹೂಂ ಸಾ, ಸ್ಟೇಷನ್ನಿಂದ ಬೇಗ ಬನ್ನಿ," ಎನ್ನುತ್ತಿದ್ದ. "ಅವಳೇ ಕುಡ್ಸಿದ್ದು. ನಲ್ವತ್ ಜನ ನೋಡವ್ರೆ. ಕ್ಯಾನೂ ಅವಳ ಮನೇದೇ ಸಾ."

ಫೋನನ್ನು ಜೇಬಿಗೆ ಹಾಕಿಕೊಂಡ. ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡ. ಅವನ ಕಣ್ಣು ಯಶೋದಳ ಮೇಲಿರಲಿಲ್ಲ, ಮೇಜಿನ ಅಂಚಿನಲ್ಲಿದ್ದ ಜಾಡಿಯ ಮೇಲಿತ್ತು.

ಅವನ ವಿರುದ್ಧ ಈ ಲೋಕದಲ್ಲಿ ಇದ್ದದ್ದು ಎರಡೇ ಸಾಕ್ಷಿ. ಒಂದು ಹಿಡಿ ಮಣ್ಣು, ಮತ್ತು ಆ ಮಣ್ಣನ್ನು ಯಾರು ಉಳುತ್ತಿದ್ದರು ಎಂದು ಬಲ್ಲ ಒಬ್ಬ ಮನುಷ್ಯ. ಆ ಮನುಷ್ಯ ಅವಳ ಎರಡೂ ಕೈಗಳಲ್ಲಿ ಮತ್ತೊಮ್ಮೆ ವಾಂತಿ ಮಾಡಿಕೊಳ್ಳುತ್ತಿದ್ದ.

ದೊಡ್ಡಮಾದಪ್ಪನ ಟವೆಲ್ ಸುತ್ತಿದ ಕೈ ಜಾಡಿಯನ್ನು ಮುಟ್ಟಿತು. ಎದ್ದರೆ ಅದನ್ನು ಹಿಡಿಯಬಹುದಿತ್ತು. ಏಳಬೇಕಾದರೆ ಗುರುಪ್ರಕಾಶನ ತಲೆಯನ್ನು ಬಿಡಬೇಕಾಗಿತ್ತು.